ಜಾನಿಸ್ ಜಾಪ್ಲಿನ್: ಕೇಳುವವರಿಗೆ, ಹಾಡುವವರಿಗೆ, ಹಳೇ ಪ್ಲೇಟು ಇಟ್ಟುಕೊಂಡವರಿಗೆ

ಅಮೆರಿಕದ ಬ್ಲೂಸ್-ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಆಕೆಯ ಹೆಸರು ಮಾತ್ರ ಕೇಳಿದ್ದೇನೆ. ಮೊದಲ ಸಲ ಒಂದು ಹಾಡು ಹಾಕಿದೆ, ಕಿರುಚಾಟ ಅನ್ನಿಸಿ ಅರ್ಧಕ್ಕೇ ನಿಲ್ಲಿಸಿದೆ. ಎಲ್ಲಿಂದ ಶುರು ಮಾಡಬೇಕು? — ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ನೀವು ಬಹುಶಃ ‘ಬಾಲ್ ಅಂಡ್ ಚೈನ್’ ಹಾಕಿದ್ದೀರಿ. ಅದು ಊಟದ ಕೊನೆಗೆ ಬರಬೇಕಾದದ್ದು. ಮೊದಲು ‘ಮಿ ಅಂಡ್ ಬಾಬಿ ಮೆಗೀ’ ಕೇಳಿ. ಜಗಲಿಯಲ್ಲಿ ಕೂತು ಕಥೆ ಹೇಳುವ ಹಾಗೆ ಶುರುವಾಗುತ್ತದೆ, ಗಿಟಾರ್ ಬಿಟ್ಟರೆ ಹೆಚ್ಚೇನೂ ಇಲ್ಲ. ನಡುವೆ ಶ್ರುತಿ ಒಂದು ಮನೆ ಮೇಲೇರುತ್ತದೆ: ಗಿಟಾರಿನವರ ಜಿ ಇಂದ ಎ ಗೆ, ಹಾರ್ಮೋನಿಯಂನವರ ಬಿಳಿ ಐದರಿಂದ ಬಿಳಿ ಆರಕ್ಕೆ. ಕೊನೆಯಲ್ಲಿ ಮಾತೇ ಮುಗಿದು ಬರೀ ‘ಲ ಲ ಲ’ ಉಳಿಯುತ್ತದೆ. ಆ ಕೂಗು ಎಷ್ಟು ಲೆಕ್ಕ ಹಾಕಿ ಬಂದದ್ದು ಅಂತ ಅಷ್ಟು ಹೊತ್ತಿಗೆ ನಿಮಗೇ ತಿಳಿದಿರುತ್ತದೆ. ಅದಾದ ಮೇಲೆ ‘ಸಮ್ಮರ್‌ಟೈಮ್’, ‘ಪೀಸ್ ಆಫ್ ಮೈ ಹಾರ್ಟ್’, ‘ಲಿಟ್ಲ್ ಗರ್ಲ್ ಬ್ಲೂ’. ಆಮೇಲೆ ‘ಬಾಲ್ ಅಂಡ್ ಚೈನ್’.

ಬದುಕಿನ ವಿವರ ಚಿಕ್ಕದಾಗಿ: ಹುಟ್ಟಿದ್ದು 1943ರ ಜನವರಿ 19, ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಎಂಬ ಎಣ್ಣೆ ಶುದ್ಧೀಕರಣದ ಊರಿನಲ್ಲಿ. ತಂದೆ ಟೆಕ್ಸಾಕೊ ಕಂಪನಿಯ ನೌಕರ. ಅಮೆರಿಕದ ಕಪ್ಪು ಜನಾಂಗದ ಹಾಡಿನ ಪದ್ಧತಿ ಬ್ಲೂಸ್. ಅದರ ಹಿರಿಯ ಗಾಯಕರಾದ ಬೆಸ್ಸಿ ಸ್ಮಿತ್, ಮಾ ರೇನಿ, ಲೆಡ್ ಬೆಲ್ಲಿ ಇವರ ಪ್ಲೇಟುಗಳ ಗೀಳು ಹೈಸ್ಕೂಲಿನಲ್ಲೇ ಹತ್ತಿತ್ತು. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಳು. ಅಲ್ಲಿ ಮಾದಕ ವಸ್ತುಗಳಿಂದ ಹಣ್ಣಾಗಿ 1965ರಲ್ಲಿ ಊರಿಗೆ ವಾಪಸ್. 1966ರ ಜೂನ್‌ನಲ್ಲಿ ‘ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ’ ತಂಡ ಸೇರಲು ಮತ್ತೆ ಅದೇ ಊರು. 1967ರ ಜೂನ್, ಮಾಂಟರೆ ಪಾಪ್ ಉತ್ಸವ. ಶನಿವಾರ ಮಧ್ಯಾಹ್ನದ ಹಾಡು ಚಿತ್ರೀಕರಣ ಆಗಿರಲಿಲ್ಲ. ಹಾಗಾಗಿ ಭಾನುವಾರ ಇನ್ನೊಮ್ಮೆ ವೇದಿಕೆ ಹತ್ತಿಸಿದರು. ಇವತ್ತು ನಾವು ನೋಡುವ ದೃಶ್ಯ ಆ ಎರಡನೇ ಸಲದ್ದು. ಸಭೆಯಲ್ಲಿ ಕೂತ ಗಾಯಕಿ ಕಾಸ್ ಎಲಿಯಟ್ ಬಾಯಿ ತೆರೆದು ‘ವಾವ್’ ಅನ್ನುವುದೂ ಅದರಲ್ಲೇ ಇದೆ.

1968ರ ಆಗಸ್ಟ್‌ನಲ್ಲಿ ಬಿಗ್ ಬ್ರದರ್ ತಂಡದ ಆಲ್ಬಂ ‘ಚೀಪ್ ಥ್ರಿಲ್ಸ್’ ಬಂತು. ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನ. ವರ್ಷ ಮುಗಿಯುವ ಮುನ್ನವೇ ತಂಡ ಬಿಟ್ಟಳು. ಕಹಳೆ, ಸ್ಯಾಕ್ಸೊಫೋನ್ ಸೇರಿಸಿಕೊಂಡು ಹೊಸ ತಂಡ ಕಟ್ಟಿ, ಡಿಸೆಂಬರ್ 21ರಂದು ಮೆಂಫಿಸ್‌ನಲ್ಲಿ ಸೋಲ್ ಎಂಬ ಸಂಗೀತ ಪ್ರಕಾರದ ಘಟಾನುಘಟಿ ಕಲಾವಿದರ ನಡುವೆ ನಿಂತಾಗ ಕಾರ್ಯಕ್ರಮ ಕೆಟ್ಟಿತು. ಕಾರಣ ಸರಳ: ತಂಡಕ್ಕೆ ಕೆಲವೇ ವಾರಗಳ ಅಭ್ಯಾಸ. ಅಂಥ ವಾದ್ಯವೃಂದ ಒಂದೇ ಉಸಿರಿನಲ್ಲಿ ನುಡಿಯಬೇಕಾದರೆ ತಿಂಗಳುಗಟ್ಟಲೆ ಬೇಕು. 1970ರ ‘ಫುಲ್ ಟಿಲ್ಟ್ ಬೂಗಿ’ ತಂಡ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆ ತಂಡದ ಜೊತೆ ಆಲ್ಬಂ ಧ್ವನಿಮುದ್ರಣ ನಡೆಯುತ್ತಿದ್ದಾಗಲೇ, ಅಕ್ಟೋಬರ್ 4ರಂದು, ಲಾಸ್ ಏಂಜಲೀಸ್‌ನ ಹೋಟೆಲ್ ಕೋಣೆಯಲ್ಲಿ ಹೆರಾಯಿನ್‌ನಿಂದ ಸಾವು. ವಯಸ್ಸು 27. ಆ ಆಲ್ಬಂ ‘ಪರ್ಲ್’ 1971ರ ಜನವರಿಯಲ್ಲಿ ಹೊರಬಂತು. ಅದರಲ್ಲಿ ‘ಬರೀಡ್ ಅಲೈವ್ ಇನ್ ದ ಬ್ಲೂಸ್’ ಎಂಬ ಹಾಡಿಗೆ ದನಿಯೇ ಇಲ್ಲ, ವಾದ್ಯ ಮಾತ್ರ ಇದೆ. ಹಾಡಲು ಆಕೆ ಇರಲಿಲ್ಲ.

ಪ್ರಶ್ನೆ: ತೋಟದ ಹಳೇ ಬಂಗಲೆಯ ಅಟ್ಟದಲ್ಲಿ ಕಾರ್ಟೂನ್ ಹೊದಿಕೆಯ ‘ಚೀಪ್ ಥ್ರಿಲ್ಸ್’ ಎಲ್‌ಪಿ ಸಿಕ್ಕಿತು. ಪ್ಲೇಟಿನ ಮೇಲೆಲ್ಲ ಬಿಳಿ ಬೂಷ್ಟು. ಹಾಕಿದರೆ ಗುಜುಗುಜು ಸದ್ದು. ಉಳಿಸಿಕೊಳ್ಳಬಹುದೇ? — ಮೂಡಿಗೆರೆ

ಉಳಿಸಿಕೊಳ್ಳಬಹುದು. ಮೊದಲು ಒಂದು ಮಾತು: ಆ ಆಲ್ಬಂನ ಗುಜುಗುಜು ಎಲ್ಲವೂ ಬೂಷ್ಟಿನದಲ್ಲ! ಬಹುಪಾಲು ಹಾಡುಗಳು ಸ್ಟುಡಿಯೊದಲ್ಲಿ ಆದವು. ಸಭೆಯ ಎದುರು ಹಾಡಿದ ಹಾಗೆ ಕೇಳಲಿ ಎಂದು ಜನರ ಗದ್ದಲವನ್ನು ಆಮೇಲೆ ಸೇರಿಸಿದರು. ‘ಟರ್ಟ್ಲ್ ಬ್ಲೂಸ್’ನಲ್ಲಿ ಬಾರಿನ ಮಾತು, ಗ್ಲಾಸು ಒಡೆಯುವ ಸದ್ದು ಕೂಡ ಹಾಗೆ ಬಂದದ್ದು. ಅದನ್ನು ತೊಳೆಯಲು ಹೋಗಬೇಡಿ. ನಿಜವಾದ ಸಭೆಯಲ್ಲಿ ಮುದ್ರಿಸಿದ್ದು ‘ಬಾಲ್ ಅಂಡ್ ಚೈನ್’. ಹೊದಿಕೆ ಚಿತ್ರ ಕಾರ್ಟೂನಿಸ್ಟ್ ರಾಬರ್ಟ್ ಕ್ರಂಬ್ ಅವರದು. ಪ್ಲೇಟು ಹೋದರೂ ಹೊದಿಕೆ ಉಳಿಸಿ.

ತೊಳೆಯಲು ಬೇಕಾದದ್ದು 750 ಮಿಲಿ ಡಿಸ್ಟಿಲ್ಡ್ ವಾಟರ್, ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲ್ 250 ಮಿಲಿ, ವಾಸನೆ-ಬಣ್ಣ ಇಲ್ಲದ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ, ಎರಡು ಮೈಕ್ರೊಫೈಬರ್ ಬಟ್ಟೆ, ಒಂದು ಮೆತ್ತನೆ ಕೂದಲಿನ ಬ್ರಷ್. ಪೆಟ್ರೋಲ್ ಬಂಕಿನ ಬ್ಯಾಟರಿ ನೀರೂ ಆದೀತು, ಅದು ಆಸಿಡ್ ಅಲ್ಲವೆಂದು ಲೇಬಲ್ ಓದಿಕೊಂಡು ತನ್ನಿ. ಬೋರ್‌ವೆಲ್ ನೀರು ಬೇಡ; ಆರಿದ ಮೇಲೆ ಅದರ ಸುಣ್ಣದಂಶ ಗೆರೆಯಲ್ಲಿ ಕೂತು ಹೊಸ ಚಟಪಟ ಶುರುವಾಗುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಬ್ರಷ್ಷಿನಿಂದ ಮೇಲಿನ ಬೂಷ್ಟನ್ನು ಝಾಡಿಸಿ. ಒಳಗೆ ಝಾಡಿಸಿದರೆ ಅದರ ಬೀಜ ಉಳಿದ ಪ್ಲೇಟುಗಳಿಗೂ ಹಬ್ಬುತ್ತದೆ. ನಡುವಿನ ಕಾಗದದ ಲೇಬಲ್ ಸುಮಾರು ನಾಲ್ಕು ಇಂಚು ಅಗಲ. ಅದಕ್ಕಿಂತ ತುಸು ದೊಡ್ಡ ಪ್ಲಾಸ್ಟಿಕ್ ಮುಚ್ಚಳವನ್ನು ಮೇಲೆ ಒತ್ತಿ ಹಿಡಿಯಿರಿ, ನೀರು ತಾಗಬಾರದು. ದ್ರಾವಣವನ್ನು ಹನಿಸಿ ಎರಡು ನಿಮಿಷ ನೆನೆಯಲು ಬಿಡಿ. ಆಮೇಲೆ ಗೆರೆಗಳು ಹೋದ ದಿಕ್ಕಿಗೇ, ಬೀಸುಕಲ್ಲು ತಿರುಗಿಸಿದ ಹಾಗೆ, ಸುತ್ತು ಸುತ್ತಾಗಿ ಒರೆಸಿ. ಅಡ್ಡಡ್ಡ ಒರೆಸಿದರೆ ಗೆರೆಯ ಗೋಡೆ ಗೀಚುತ್ತದೆ. ಬರೀ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ಜಾಲಿಸಿ. ಸೋಪು ಉಳಿದರೆ ಮುಳ್ಳಿಗೆ ಅಂಟು ಕಟ್ಟುತ್ತದೆ. ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಆರಿಸಿ. ಆಷಾಢದ ಮಳೆಯಲ್ಲಾದರೆ ಫ್ಯಾನ್ ಕೆಳಗೆ ಅರ್ಧ ದಿನ ಬೇಕು. ಕಾಫಿ ಕಣದ ಬಿಸಿಲಿಗೆ ಮಾತ್ರ ಇಡಬೇಡಿ, ವಿನೈಲ್ ಹಪ್ಪಳದ ಹಾಗೆ ಮುರುಟುತ್ತದೆ. ಹೊದಿಕೆಯನ್ನು ಬೇಕಾದರೆ ಒಂದು ಗಂಟೆ ಎಳೆಬಿಸಿಲಿಗೆ ಹಿಡಿಯಿರಿ, ಒದ್ದೆ ಬಟ್ಟೆ ತಾಗಿಸಬೇಡಿ.

ಒಳಗಿನ ಹಳೇ ಕಾಗದದ ಚೀಲವನ್ನು ಮುಲಾಜಿಲ್ಲದೆ ಎಸೆಯಿರಿ, ಬೂಷ್ಟಿನ ತವರು ಅದೇ. ಹೊಸ ಪಾಲಿಥೀನ್ ಚೀಲ ಹಾಕಿ, ಪ್ಲೇಟುಗಳನ್ನು ಪುಸ್ತಕದ ಹಾಗೆ ನೇರ ನಿಲ್ಲಿಸಿ, ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ತೆಗೆದುಕೊಂಡರೆ ತೇವ ಹೀರಿ ಸಾಕಾಯಿತೆಂದು ಅದೇ ತೋರಿಸುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆಗೆ ಬಳಸದ ಬಾಣಲೆ ಇರಲಿ.

ಇಷ್ಟಾದರೂ ಸಣ್ಣ ಚಟಪಟ ಉಳಿಯಬಹುದು. ಬೂಷ್ಟು ವರ್ಷಗಟ್ಟಲೆ ಕೂತಲ್ಲಿ ವಿನೈಲಿನ ಮೈಯನ್ನೇ ಕೊರೆದಿರುತ್ತದೆ, ಅದು ವಾಪಸ್ ಬರುವುದಿಲ್ಲ. ಮುಳ್ಳಿನ ಭಾರವನ್ನೂ ನೋಡಿ: ಈಗಿನ ಬಹುತೇಕ ಕಾರ್ಟ್ರಿಜ್‌ಗಳಿಗೆ (ಮುಳ್ಳು ಕೂರುವ ತಲೆ) ಒಂದೂವರೆಯಿಂದ ಎರಡು ಗ್ರಾಂ ಸಾಕು. ಹಳೇ ಸೂಟ್‌ಕೇಸ್ ಪ್ಲೇಯರ್‌ನ ಭಾರದ ಮುಳ್ಳು ಗೆರೆಯನ್ನು ಉಳುಮೆ ಮಾಡಿಬಿಡುತ್ತದೆ. ಅದೇ ಅಟ್ಟದಲ್ಲಿ 78ರ ವೇಗದ ಅರಗಿನ ಪ್ಲೇಟುಗಳೂ ಇದ್ದರೆ ಈ ದ್ರಾವಣ ಹಾಕಲೇಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ಪ್ರಶ್ನೆ: ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತೇನೆ. ಜಾನಿಸ್ ತರಹ ಒಡೆದ ದನಿ ತರಲು ಹೋಗಿ ಎರಡು ದಿನ ಗಂಟಲು ಕಟ್ಟಿತು. ಆ ದನಿ ಹೇಗೆ ಬರುತ್ತದೆ? — ಹಾಸನ

ಗಂಟಲು ಕಟ್ಟಿತೆಂದರೆ ನೀವು ತಪ್ಪು ಜಾಗದಲ್ಲಿ ಉಜ್ಜಿದ್ದೀರಿ. ನಾದ ಹುಟ್ಟುವುದು ಧ್ವನಿತಂತುಗಳಲ್ಲಿ. ಅವುಗಳ ಮೇಲೆ ಇನ್ನೊಂದು ಜೋಡಿ ಮಡಿಕೆ ಇದೆ, ಸುಳ್ಳು ತಂತು ಅನ್ನುತ್ತಾರೆ. ಕೆಳಗಿನ ತಂತು ಶುದ್ಧ ಸ್ವರ ಹಿಡಿದಿರುವಾಗಲೇ ಮೇಲಿನ ಮಡಿಕೆ ಸಡಿಲವಾಗಿ ಅದುರಿದರೆ ಗರಗಸದ ಗುಣ ಬರುತ್ತದೆ. ಜಾನಿಸ್ ದನಿಯಲ್ಲಿ ಕೆಲವೊಮ್ಮೆ ಎರಡು ಸ್ವರ ಒಟ್ಟಿಗೆ ಕೇಳಿದಂತಾಗುವುದೂ ಈ ಬೆರಕೆಯಿಂದಲೇ. ಹೊಸಬರು ಮಾಡುವುದು ಬೇರೆ. ಕತ್ತಿನ ನರ ಉಬ್ಬಿಸಿ ಕೆಳಗಿನ ತಂತುಗಳನ್ನೇ ಒಂದಕ್ಕೊಂದು ಬಡಿಸುತ್ತಾರೆ. ಅಲ್ಲಿ ಬಾವು ಬರುತ್ತದೆ, ಮುಂದುವರಿಸಿದರೆ ಗಂಟು ಕಟ್ಟುತ್ತದೆ.

ಅಭ್ಯಾಸ ಹೀಗಿರಲಿ. ಐದು ನಿಮಿಷ ಬಾಯಿ ಮುಚ್ಚಿ ಗುನುಗುವುದು. ಎಳೆಮಕ್ಕಳು ‘ಬುರ್ರ್’ ಅನ್ನುವ ಹಾಗೆ ತುಟಿ ಅದುರಿಸುತ್ತ ಸ್ವರ ಏರಿಳಿಸುವುದು ಮೂರು ನಿಮಿಷ. ಲೋಟದ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿದ ಸ್ಟ್ರಾ ಮೂಲಕ ‘ಊ’ ಎನ್ನುತ್ತ ಗುಳ್ಳೆ ಎಬ್ಬಿಸುವುದು ಮೂರು ನಿಮಿಷ. ನೀರಿನ ಎದುರೊತ್ತಡ ತಂತುಗಳನ್ನು ಬಡಿದಾಡದಂತೆ ಹಿಡಿಯುತ್ತದೆ. ಇದಾದ ಮೇಲೆ ನಿಮ್ಮ ಮಾತಿನ ಶ್ರುತಿಯ ಆಸುಪಾಸಿನ ಒಂದು ಸ್ವರವನ್ನು ಮೆಲ್ಲಗೆ, ಶುದ್ಧವಾಗಿ ಹಿಡಿಯಿರಿ. ಭಾರ ಎತ್ತುವಾಗ ಬರುವ ನರಳಿಕೆಯನ್ನು ಆ ಸ್ವರದ ಮೇಲೆ ಎರಡು ಸೆಕೆಂಡು ಇಟ್ಟು ತೆಗೆಯಿರಿ. ತೆಗೆದ ತಕ್ಷಣ ಶುದ್ಧ ಸ್ವರ ಹಾಗೇ ಇರಬೇಕು. ಇಲ್ಲದಿದ್ದರೆ ಆ ದಿನಕ್ಕೆ ನಿಲ್ಲಿಸಿ. ದಿನಕ್ಕೆ ಹತ್ತು ನಿಮಿಷ ಮೀರಬಾರದು. ಜೋರು ಮಾಡುವುದು ತಿಂಗಳಾದ ಮೇಲೆ.

ಇನ್ನೊಂದು ಗುಟ್ಟು ‘ಸಮ್ಮರ್‌ಟೈಮ್’ನಲ್ಲಿದೆ. ಆಕೆ ಒಡೆದ ದನಿಯನ್ನು ಉಪ್ಪಿನಕಾಯಿಯಂತೆ ಬಳಸುತ್ತಾಳೆ. ಪದದ ಒಂದು ಅಕ್ಷರದಲ್ಲಿ ಬಿರುಕು, ಮುಂದಿನದು ನುಣುಪು. ಇಡೀ ಹಾಡನ್ನು ಒಂದೇ ಸಮ ಕೂಗುವವರು ಅವಳನ್ನು ಅರ್ಧ ಮಾತ್ರ ಕೇಳಿದ್ದಾರೆ. ದನಿ ಒರಟಾದದ್ದು ಎರಡು ವಾರ ದಾಟಿದರೆ ಕಷಾಯ, ಕಲ್ಲುಸಕ್ಕರೆ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಸಣ್ಣ ಕ್ಯಾಮೆರಾದಲ್ಲಿ ತಂತು ನೋಡಿಸಿಕೊಳ್ಳುವುದು ಕೆಲವೇ ನಿಮಿಷದ ಕೆಲಸ.

ಪ್ರಶ್ನೆ: ಕುಡಿತದಿಂದ ಆಕೆಗೆ ಆ ದನಿ ಬಂತು ಎಂದು ಮಗನ ಗೆಳೆಯರು ಹೇಳುತ್ತಾರೆ. ನಿಜವೇ? — ತಾಯಿ, ಕಡೂರು

ಅಲ್ಲ ಮೇಡಂ. ಮದ್ಯ ಗಂಟಲಿನ ಪಸೆ ಒಣಗಿಸುತ್ತದೆ, ನೋವು ಗೊತ್ತಾಗದ ಹಾಗೆ ಮಾಡುತ್ತದೆ. ನೋವು ಗೊತ್ತಾಗದವನು ಇನ್ನಷ್ಟು ಉಜ್ಜುತ್ತಾನೆ. 1964ರಲ್ಲಿ ಗಿಟಾರ್ ವಾದಕ ಯೋರ್ಮಾ ಕೌಕೊನೆನ್ ಮನೆಯಲ್ಲಿ ಮಾಡಿದ ಒಂದು ಮುದ್ರಣವಿದೆ, ಹಿಂದೆ ಅವರ ಹೆಂಡತಿ ಟೈಪ್‌ರೈಟರ್ ಕುಟ್ಟುವ ಸದ್ದು ಕೇಳುತ್ತದೆ. ಜಾನಿಸ್‌ಗೆ ಆಗ 21. ಬೆಸ್ಸಿ ಸ್ಮಿತ್‌ಳ ಪಾಠ ಅಷ್ಟರಲ್ಲೇ ಬಾಯಿಗೆ ಕೂತಿರುವುದು ಅದರಲ್ಲಿ ಸ್ಪಷ್ಟ. ಮಗನ ಗೆಳೆಯರಿಗೆ ಅದನ್ನು ಕೇಳಿಸಿ.

ಪ್ರಶ್ನೆ: ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಬ್ಲೂಸ್ ಯಾವ ರಾಗಕ್ಕೆ ಹತ್ತಿರ? ತಾಳ ಹೇಗೆ ಹಾಕಬೇಕು? — ಬೇಲೂರು

ಸ್ವರದ ಲೆಕ್ಕದಲ್ಲಿ ಶುದ್ಧ ಧನ್ಯಾಸಿ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಮ ಮತ್ತು ಪ ನಡುವೆ ಪ್ರತಿ ಮಧ್ಯಮವನ್ನು ದಾಟಿಹೋಗುವ ಸ್ವರವಾಗಿ ಸೇರಿಸಿದರೆ ಬ್ಲೂಸ್ ಮೇಳ ಆಯಿತು. ಆದರೆ ರಾಗದ ಹಾಗೆ ಹಾಡಿದರೆ ಬ್ಲೂಸ್ ಆಗುವುದಿಲ್ಲ, ಎರಡು ಕಡೆ ಕೆಡುತ್ತದೆ. ಒಂದು, ಹಿಂದಿನ ಗಿಟಾರ್ ಅಂತರ ಗಾಂಧಾರವಿರುವ ಸ್ವರಗುಚ್ಛ (ಕಾರ್ಡ್) ನುಡಿಸುತ್ತಿರುತ್ತದೆ, ನೀವು ಸಾಧಾರಣ ಗಾಂಧಾರ ಹಾಡುತ್ತಿರುತ್ತೀರಿ. ನಮ್ಮ ಕಿವಿಗೆ ಅದು ಅಪಸ್ವರ, ಅಲ್ಲಿ ಆ ತಿಕ್ಕಾಟವೇ ರುಚಿ. ಗಾಂಧಾರವನ್ನು ಎರಡರ ನಡುವೆ ಎಲ್ಲೋ ನಿಲ್ಲಿಸಬೇಕು. ಎರಡು, ಗಮಕ. ನಾವು ಸ್ವರವನ್ನು ತೂಗುತ್ತೇವೆ. ಬ್ಲೂಸ್‌ನಲ್ಲಿ ಕೆಳಗಿನಿಂದ ಎಳೆದು ತಂದು, ಕೊನೆಗೆ ಕೈಬಿಟ್ಟ ಹಾಗೆ ಜಾರಿಸುತ್ತಾರೆ.

ತಾಳ ಸುಲಭ. ಪಾಶ್ಚಾತ್ಯರು ತಾಳದ ಒಂದು ಖಾನೆಯನ್ನು ಬಾರ್ ಅನ್ನುತ್ತಾರೆ. ಹನ್ನೆರಡು ಬಾರ್ ಬ್ಲೂಸ್ ಎಂದರೆ ಬಾರ್ ಒಂದಕ್ಕೆ ನಾಲ್ಕರಂತೆ 48 ಅಕ್ಷರ, ಅಂದರೆ ಆದಿತಾಳದ ಸರಿಯಾಗಿ ಆರು ಆವರ್ತ. ಮೊದಲ ಎರಡು ಆವರ್ತ ಷಡ್ಜದ ಸ್ವರಗುಚ್ಛ, ಮೂರನೆಯದು ಮಧ್ಯಮದ್ದು, ನಾಲ್ಕನೆಯದು ಷಡ್ಜ, ಐದನೆಯದರಲ್ಲಿ ಅರ್ಧ ಪಂಚಮ ಅರ್ಧ ಮಧ್ಯಮ, ಆರನೆಯದು ಮತ್ತೆ ಷಡ್ಜ. ಗಿಟಾರ್ ಹಿಡಿದವರಿಗೆ ಹೇಳುವುದಾದರೆ ಇ ನಾಲ್ಕು, ಎ ಎರಡು, ಇ ಎರಡು, ಬಿ ಒಂದು, ಎ ಒಂದು, ಇ ಎರಡು. ನಡೆ ತಿಸ್ರ: ಪ್ರತಿ ಅಕ್ಷರವನ್ನು ‘ತಕಿಟ’ ಮಾಡಿ ‘ಕಿ’ಯನ್ನು ನುಂಗಿಬಿಡಿ, ಷಫಲ್ ಎಂಬ ಬ್ಲೂಸ್‌ನ ಕುಂಟುನಡೆ ಬರುತ್ತದೆ. ಚತುರಶ್ರದಲ್ಲಿ ನೆಟ್ಟಗೆ ಹಾಡಿದರೆ ಪ್ರಾರ್ಥನೆ ಗೀತೆಯಾಗುತ್ತದೆ.

ಸಾಹಿತ್ಯ ಮೂರು ಸಾಲು. ಮೊದಲೆರಡು ಒಂದೇ, ಮೂರನೆಯದು ಉತ್ತರ. ಅಭ್ಯಾಸಕ್ಕೆಂದು ನಾವೇ ಹೊಸೆದದ್ದು:

ಹೂಮಳೆ ಬಂದು ಹೋಯ್ತು, ನೀನು ಮಾತ್ರ ಬರಲಿಲ್ಲ
ಹೂಮಳೆ ಬಂದು ಹೋಯ್ತು ಕಣೋ, ನೀನು ಮಾತ್ರ ಬರಲಿಲ್ಲ
ತೋಟವೆಲ್ಲ ಬೆಳ್ಳಗಾಯ್ತು, ನನ್ನ ಮನೆ ದೀಪ ಹತ್ತಲಿಲ್ಲ

ಸಾಲಿಗೆ ಎರಡು ಆವರ್ತ ಜಾಗವಿದೆ. ಮೊದಲ ಆವರ್ತದಲ್ಲೇ ಮಾತು ಮುಗಿಸಿ, ಎರಡನೆಯದನ್ನು ಗಿಟಾರಿಗೆ ಬಿಡಿ. ಸೋಬಾನೆಯಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಎತ್ತುವುದಿಲ್ಲವೇ, ಅದೇ ಲೆಕ್ಕ. ಜಾನಿಸ್ ತಾನೇ ಬರೆದ ‘ಟರ್ಟ್ಲ್ ಬ್ಲೂಸ್’ ಈ ಅಚ್ಚಿನದು. ‘ಪೀಸ್ ಆಫ್ ಮೈ ಹಾರ್ಟ್’ ಹನ್ನೆರಡು ಬಾರಿನದಲ್ಲ, ಅದಕ್ಕೆ ಈ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಆಕೆಯ ದೊಡ್ಡ ಹಾಡುಗಳೆಲ್ಲ ಕಪ್ಪು ಜನಾಂಗದ ಗಾಯಕಿಯರಿಂದ ಎತ್ತಿದ್ದಂತೆ. ಹಾಗಾದರೆ ಹೊಗಳುವುದೇಕೆ? — ಸಕಲೇಶಪುರ

ಎಲ್ಲವೂ ಅಲ್ಲ, ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ‘ಪೀಸ್ ಆಫ್ ಮೈ ಹಾರ್ಟ್’ ಮೊದಲು ಹಾಡಿದ್ದು 1967ರಲ್ಲಿ ಎರ್ಮಾ ಫ್ರಾಂಕ್ಲಿನ್, ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್‌ಳ ಅಕ್ಕ. ‘ಬಾಲ್ ಅಂಡ್ ಚೈನ್’ ಬರೆದು ಹಾಡಿದವಳು ಬಿಗ್ ಮಾಮಾ ಥಾರ್ನ್‌ಟನ್. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಗಿಂತ ಮೂರು ವರ್ಷ ಮುಂಚೆ, 1953ರಲ್ಲೇ, ‘ಹೌಂಡ್ ಡಾಗ್’ ಗೆದ್ದದ್ದು ಅವಳಿಂದ. ‘ಬಾಲ್ ಅಂಡ್ ಚೈನ್’ನ ಹಕ್ಕು ಅವಳ ಕೈಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಜಾನಿಸ್ ಹಾಡಿ ಲಕ್ಷಗಟ್ಟಲೆ ಪ್ಲೇಟು ಮಾರಿದಾಗ ಹಾಡು ಕಟ್ಟಿದವಳಿಗೆ ಸಲ್ಲಬೇಕಾದ ರಾಯಲ್ಟಿ ಸಲ್ಲಲಿಲ್ಲ. ಇದು ಅನ್ಯಾಯವೇ.

ಹಾಗೆಂದು ಕದ್ದಳು ಎನ್ನಲಾಗದು. ಥಾರ್ನ್‌ಟನ್ ಹಾಡಿದ್ದನ್ನು ಕ್ಲಬ್ಬಿನಲ್ಲಿ ಕೇಳಿದ ಜಾನಿಸ್ ಮತ್ತು ತಂಡದವರು ಅವಳನ್ನೇ ಕೇಳಿ ಹಾಡು ತೆಗೆದುಕೊಂಡರು, ಚಾಲು ನಿಧಾನ ಮಾಡಿ ಮೈನರ್‌ಗೆ (ಸಾಧಾರಣ ಗಾಂಧಾರದ ಮೇಳಕ್ಕೆ) ಇಳಿಸಿ ಬೇರೆಯದೇ ಆಕಾರ ಕೊಟ್ಟರು. ಎರಡನ್ನೂ ಒಂದಾದ ಮೇಲೊಂದು ಹಾಕಿ: ಥಾರ್ನ್‌ಟನ್ ಸಂಕೋಲೆಯ ಭಾರವನ್ನು ಹೊತ್ತು ನಡೆಯುತ್ತಾಳೆ, ಜಾನಿಸ್ ಅದನ್ನು ಕಿತ್ತುಕೊಳ್ಳಲು ಹೊರಳಾಡುತ್ತಾಳೆ. ನಮಗೆ ಮೊದಲನೆಯದೇ ಒಂದು ಗುಲಗಂಜಿ ತೂಕ ಹೆಚ್ಚು. 1937ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಬೆಸ್ಸಿ ಸ್ಮಿತ್‌ಳ ಸಮಾಧಿಗೆ 33 ವರ್ಷ ಹೆಸರಿನ ಕಲ್ಲೇ ಇರಲಿಲ್ಲ. 1970ರ ಆಗಸ್ಟ್‌ನಲ್ಲಿ ಕಲ್ಲು ನೆಡಿಸಿದಾಗ ಖರ್ಚು ಹಂಚಿಕೊಂಡವರು ಇಬ್ಬರು: ಹುಡುಗಿಯಾಗಿದ್ದಾಗ ಬೆಸ್ಸಿ ಮನೆಯಲ್ಲಿ ಕೆಲಸ ಮಾಡಿದ್ದ ಹುವಾನಿಟಾ ಗ್ರೀನ್, ಮತ್ತು ಜಾನಿಸ್.

ಪ್ರಶ್ನೆ: ‘ಮರ್ಸಿಡಿಸ್ ಬೆಂಜ್’ ಹಾಡಿದವಳ ಹತ್ತಿರ ಆ ಕಾರು ಇತ್ತೇ? — ಹೊಳೆನರಸೀಪುರ

ಇದ್ದದ್ದು ಪೋರ್ಷೆ 356, 1968ರಲ್ಲಿ ಕೊಂಡದ್ದು. ತಂಡದ ಸಹಾಯಕ ಡೇವ್ ರಿಚರ್ಡ್ಸ್ ಅದರ ಮೈತುಂಬ ಚಿತ್ರ ಬರೆದಿದ್ದ. 2015ರ ಹರಾಜಿನಲ್ಲಿ 17.6 ಲಕ್ಷ ಡಾಲರ್‌ಗೆ ಹೋಯಿತು. ಹಾಡು ದೇವರ ಹತ್ತಿರ ಕಾರು ಬೇಡುವವರ ಲೇವಡಿ. 1970ರ ಅಕ್ಟೋಬರ್ 1ರಂದು, ವಾದ್ಯವಿಲ್ಲದೆ, ಒಂದೇ ಸಲಕ್ಕೆ ಹಾಡಿದ್ದು. ಕೊನೆಯ ನಗುವನ್ನೂ ಹಾಗೇ ಉಳಿಸಿದ್ದಾರೆ.

ಪ್ರಶ್ನೆ: ಕಲ್ಯಾಣ ಮಂಟಪದಲ್ಲಿ ಕಾಲೇಜು ಸ್ಪರ್ಧೆ, ಐದು ನಿಮಿಷ ಅವಕಾಶ. ಜಾನಿಸ್ ಹಾಡಲಿದ್ದೇವೆ. ಅಲ್ಲಿ ಮೈಕ್ ಯಾವಾಗಲೂ ಕುಯ್ಯೋ ಎನ್ನುತ್ತದೆ. ಏನು ಮಾಡುವುದು? — ಅರಸೀಕೆರೆ

ಮೈಕಿಗೆ ಹೋದ ದನಿ ಸ್ಪೀಕರಿನಿಂದ ಬಂದು ಮತ್ತೆ ಮೈಕಿಗೇ ಹೊಕ್ಕರೆ ಆ ಸಿಳ್ಳೆ. ಟೈಲ್ಸ್ ನೆಲ, ಬೋಳು ಗೋಡೆಯ ಮಂಟಪದಲ್ಲಿ ಬೇಗ ಬರುತ್ತದೆ. ಮುಖ್ಯ ಸ್ಪೀಕರ್‌ಗಳು ಹಾಡುವವರಿಗಿಂತ ಮುಂದಿರಲಿ. ಕಾಲ ಬಳಿಯ ಮಾನಿಟರ್ (ಹಾಡುವವರಿಗೇ ಕೇಳಿಸುವ ಸ್ಪೀಕರ್) ಮೈಕಿನ ಬೆನ್ನಿಗೆ ನೇರವಾಗಿರಲಿ. ಶೂರ್ ಎಸ್‌ಎಂ 58ರಂಥ ಕಾರ್ಡಿಯಾಯ್ಡ್ ಮೈಕ್ ಹಿಂದಿನಿಂದ ಬಂದದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಸ್ಟೈಲ್ ಬಿಡಿ, ಹಾಗೆ ಹಿಡಿದರೆ ಈ ಗುಣವೇ ಹೋಗಿ ನಾಲ್ಕೂ ಕಡೆಯ ಸದ್ದು ಒಳಗೆ ಬರುತ್ತದೆ. ಮೆತ್ತಗೆ ಹಾಡುವಾಗ ಬಾಯಿಂದ ಎರಡು ಬೆರಳು ದೂರ, ಕೂಗುವಾಗ ಒಂದು ಗೇಣು. ಮಿಕ್ಸರ್‌ನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಎಕೊ ಅರ್ಧಕ್ಕೆ ಇಳಿಸಿ. ಮಂಟಪವೇ ಬೇಕಾದಷ್ಟು ಕೊಡುತ್ತದೆ. ಧ್ವನಿವರ್ಧಕದವರ ಹತ್ತಿರ ಜಗಳ ಆಡಬೇಡಿ, ಅರ್ಧ ಗಂಟೆ ಮುಂಚೆ ಹೋಗಿ ಒಂದು ಟೀ ಕುಡಿಸಿ.

ಹಾಡು: ‘ಬಾಲ್ ಅಂಡ್ ಚೈನ್’ ಒಂಬತ್ತು ನಿಮಿಷ ದಾಟುತ್ತದೆ, ಮರೆತುಬಿಡಿ. ‘ಬಾಬಿ ಮೆಗೀ’ ನಾಲ್ಕೂವರೆ ನಿಮಿಷ, ಮೈಕ್ ಸರಿಮಾಡುವ ಹೊತ್ತು ಸೇರಿದರೆ ಗಂಟೆ ಬಾರಿಸಿಬಿಡುತ್ತಾರೆ. ‘ಪೀಸ್ ಆಫ್ ಮೈ ಹಾರ್ಟ್’ ನಾಲ್ಕು ನಿಮಿಷದ ಚಿಲ್ಲರೆ. ಆರಂಭದ ಗಿಟಾರನ್ನು ಅರ್ಧ ಮಾಡಿ, ಇ ಶ್ರುತಿ ಎತ್ತರವಾದರೆ ಡಿ ಗೆ ಇಳಿಸಿಕೊಳ್ಳಿ. ಇಳಿಸಿದ್ದನ್ನು ಬೇಸ್ ನುಡಿಸುವವರಿಗೆ ಹೇಳಲು ಮರೆಯಬೇಡಿ.